ಯಾರದೋ ಡೇಟಾ, ಎಲ್ಲಮ್ಮನ ಜಾತ್ರೆ

ಆಫೀಸಿನ ಹೊತ್ತಿನಲ್ಲಿ ನೌಕರರು ಸ್ವಂತಕ್ಕೆ ಇಂಟರ್ನೆಟ್ ಬಳಸಿ ಕೆಲಸ ಕೆಡಿಸುತ್ತಾರೆ ಎಂಬುದು ಬೆಂಗಳೂರಿನ ಗಾಜಿನ ಕಟ್ಟಡಗಳ ದೂರು. ಅಲ್ಲಿ ವೈಫೈ ಕಂಪನಿಯದು, ಕ್ರಿಕೆಟ್ ಸ್ಕೋರು ನೌಕರನದು. ನಮ್ಮ ಲಿಂಗಸುಗೂರು ಸೀಮೆಯಲ್ಲಿ ಕೃಷ್ಣೆ ಹಿಂದಕ್ಕೆ ಹರಿಯುತ್ತಾಳೆ. ಫೋನು ಗ್ರಾಮ ಆಡಳಿತ ಅಧಿಕಾರಿಯದು, ರೀಚಾರ್ಜೂ ಅವರದೇ, ಕೆಲಸ ಮಾತ್ರ ಸರ್ಕಾರದ್ದು.

ಬಗರ್ ಹುಕುಂ, ಲ್ಯಾಂಡ್ ಬೀಟ್, ಆಧಾರ್ ಸೀಡಿಂಗ್, ಬೆಳೆ ಸಮೀಕ್ಷೆ... 17ಕ್ಕೂ ಹೆಚ್ಚು ಆ್ಯಪ್‌ಗಳ ಹೊರೆ ತಾಳಲಾರದೆ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು 2024ರ ಸೆಪ್ಟೆಂಬರ್‌ನಲ್ಲಿ ಮುಷ್ಕರಕ್ಕೆ ಕೂತರು. 2025ರ ಫೆಬ್ರುವರಿಯಲ್ಲಿ ಮತ್ತೆ ಕೂತರು. ಕೇಳಿದ್ದೇನು? ಕುರ್ಚಿ, ಮೇಜು, ಲ್ಯಾಪ್‌ಟಾಪು, ಸಿಮ್ಮು, ಡೇಟಾ. ಮುಷ್ಕರದ ವಾಟ್ಸ್‌ಆ್ಯಪ್ ಗ್ರೂಪಿಗೂ ಡೇಟಾ ಅದೇ ಜೇಬಿನಿಂದಲೇ ಹೋಗಿರಬೇಕು, ಪಾಪ.

ಆ್ಯಪ್‌ಗಳಿಲ್ಲದ ಕಾಲದಲ್ಲಿ ಪಕ್ಕದ ಮಸ್ಕಿಯಲ್ಲಿ ಅಶೋಕ ತನ್ನ ಮಾತನ್ನು ಬಂಡೆಗೆ ಕೆತ್ತಿಸಿದ. 1915ರಲ್ಲಿ ಅದು ಬೆಳಕಿಗೆ ಬಂತು. ಎರಡು ಸಾವಿರ ವರ್ಷ ದಾಟಿದರೂ ಯಾರನ್ನೂ ಓಟಿಪಿ ಕೇಳಿಲ್ಲ. ಓದಿ ಸುಮ್ಮನಾದ ಅಧಿಕಾರಿಯ ಗುಟ್ಟನ್ನು ವಾಟ್ಸ್‌ಆ್ಯಪಿನ ನೀಲಿ ಗೀಟು ಬಿಟ್ಟುಕೊಡುವ ಭಯವೂ ಆಗ ಇರಲಿಲ್ಲ.

ಮೊನ್ನೆ ಒಬ್ಬ ಗ್ರಾಮ ಆಡಳಿತ ಅಧಿಕಾರಿಯ ಕೋಣೆಯಲ್ಲಿ ಕೂತಿದ್ದೆ. ಯಾವೂರು ಅಂತ ಕೇಳಬೇಡಿ. ರುಮಾಲಿನ ಅಜ್ಜ ಪೌತಿ ಖಾತೆಗೆ ಬಂದಿದ್ದ, ಜೊತೆಗೆ ಕಾಲೇಜು ಓದುವ ಮೊಮ್ಮಗ.

"ಸಾಹೇಬ್ರ, ಸರ್ವರ್ ಬಂತೇನ್ರೀ?"

"ತಿರಗಾಕತ್ತೈತಿ ಯಜ್ಜಾ."

ಪರದೆಯ ಮೇಲೆ ಚಕ್ರ ತಿರುಗುತ್ತಿತ್ತು. ಸಾಹೇಬರ ಹೆಬ್ಬೆರಳು ತಾನಾಗಿ ಜಾರಿ ರೀಲ್ಸ್‌ಗೆ ಹೋಯಿತು. ಕೆಸರಲ್ಲಿ ಹೂತ ಟ್ರ್ಯಾಕ್ಟರನ್ನು ಇನ್ನೊಂದು ಟ್ರ್ಯಾಕ್ಟರ್ ಎಳೆಯುತ್ತಿತ್ತು. ಬೆಳಗಿನಿಂದ ಗಂಟಿಕ್ಕಿದ್ದ ಹುಬ್ಬು ಸಡಿಲಾಯಿತು. ತಜ್ಞರು 'ಕೆಲಸದ ವೇಳೆಯ ಖಾಸಗಿ ಬಳಕೆ' ಅನ್ನುವುದು ಇದನ್ನೇ ಇರಬೇಕು. ಅರ್ಧ ನಿಮಿಷವೂ ಆಗಿರಲಿಲ್ಲ, ಟ್ರ್ಯಾಕ್ಟರ್ ಮೇಲೆಯೇ ಸಂದೇಶ ಬಂದು ಕೂತಿತು: 'ಪ್ರಗತಿ ಶೂನ್ಯ ಇರುವವರು ಕೂಡಲೇ ಕಾರಣ ತಿಳಿಸಿ.' ಕಾರಣ ಇನ್ನೂ ತಿರುಗುತ್ತಲೇ ಇತ್ತು. ಸಾಹೇಬರು 'ಓಕೆ ಸರ್' ಎಂದು ಬರೆದು ಎರಡು ಕೈಮುಗಿತ ಒತ್ತಿದರು. ಕಳಿಸಲು ಹೋದರೆ ಅವತ್ತಿನ ಡೇಟಾವೇ ಮುಗಿದಿತ್ತು.

ಅಜ್ಜ ಮೊಮ್ಮಗನ ಮುಖ ನೋಡಿದ. ಹುಡುಗ ಒಲ್ಲದ ಮನಸ್ಸಿನಿಂದ ಫೋನು ತೆಗೆದು ಹಾಟ್‌ಸ್ಪಾಟ್ ಹಾಕಿದ. ಪಾಸ್‌ವರ್ಡ್ ಹೇಳುವ ಮೊದಲು ಗಂಟಲು ಸರಿಮಾಡಿಕೊಂಡ.

"ಸಾಹೇಬ್ರ, ಇದ್ರಾಗ ರೀಲ್ಸ್ ಮಾತ್ರ ನೋಡಬ್ಯಾಡ್ರಿ. ದಿನಕ್ಕ ಒಂದೂವರಿ ಜೀಬಿನ ಐತಿ."