ಕೈ ಬಿಚ್ಚಿ ಮಾತಾಡಿ, ಶುಲ್ಕ ಪ್ರತ್ಯೇಕ

ವ್ಯಕ್ತಿತ್ವ ವಿಕಸನ ಶಿಬಿರ ಅಂದಮೇಲೆ ಮೊದಲ ಸ್ಲೈಡಿನಲ್ಲೇ ‘ಶೇಕಡ 93’ ಬರಬೇಕು. ಅದು ಆ ದಂಧೆಯ ಗಣಪತಿ ಪೂಜೆ. ಟೈ ಕಟ್ಟಿದ ತರಬೇತುದಾರರು ಎರಡೂ ಅಂಗೈ ಅಗಲಿಸಿ, ‘ಸಂವಹನದಲ್ಲಿ ಮಾತಿನ ಪಾಲು ಬರೀ ಶೇಕಡ 7, ಮಿಕ್ಕ 93 ದೇಹಭಾಷೆ’ ಅನ್ನುತ್ತಾರೆ. ಆಮೇಲೆ ಆ ಶೇಕಡ 7ರಲ್ಲೇ ಮಧ್ಯಾಹ್ನದ ಊಟದವರೆಗೆ ಕೊರೆಯುತ್ತಾರೆ. ಅಷ್ಟು ನಂಬಿಕೆ ಇದ್ದರೆ ಬಾಯಿಗೆ ಪ್ಲಾಸ್ಟರ್ ಅಂಟಿಸಿಕೊಂಡು, ಜಿಎಸ್‌ಟಿ ಸೇರಿ ಶುಲ್ಕ ಎಷ್ಟೆಂದು ಬರೀ ಕೈಯಲ್ಲಿ ಹೇಳಲಿ ನೋಡೋಣ.

ಈ ಲೆಕ್ಕದ ಮೂಲ ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಸಹೋದ್ಯೋಗಿಗಳ ಜೊತೆ ಪ್ರಕಟಿಸಿದ ಎರಡು ಪ್ರಯೋಗಗಳು. ಅಲ್ಲಿ ಯಾರೂ ಭಾಷಣ ಬಿಗಿದಿರಲಿಲ್ಲ. ಬಿಡಿ ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಮುಖದ ಫೋಟೊ ತೋರಿಸಿ, ಹೇಳಿದವರ ಮನಸ್ಸಿನಲ್ಲಿ ಒಲವಿದೆಯೋ ಮುನಿಸಿದೆಯೋ ಊಹಿಸಿ ಅಂದಿದ್ದರು. ಪದಕ್ಕೆ 7, ದನಿಗೆ 38, ಮುಖಕ್ಕೆ 55 ಅಂತ ಹಂಚಿಕೆಯಾಯಿತು. ಕೂಡಿ ನೋಡಿ, ನೂರು ಭರ್ತಿ. ಕೈಗೆ ಸಿಕ್ಕಿದ್ದು ಸೊನ್ನೆ! ಒಲವು-ಮುನಿಸಿನ ಮಾತು ಬಿಟ್ಟು ಬೇರೆಯದಕ್ಕೆ ಈ ಲೆಕ್ಕ ಹಾಕಬೇಡಿ ಅಂತ ಸ್ವತಃ ಮೆಹ್ರಾಬಿಯನ್ ಸ್ಪಷ್ಟಪಡಿಸಿದ್ದಾರೆ. ಆದರೆ ಅವರು ಹೇಳಿದ್ದು ಮಾತಿನಲ್ಲಿ ತಾನೇ, ಶೇಕಡ 7ಕ್ಕೆ ಯಾರು ಕಿವಿಗೊಡುತ್ತಾರೆ?

ಇನ್ನು ಪಠ್ಯಕ್ರಮ. ನಾಟ್ಯಶಾಸ್ತ್ರದಲ್ಲಿ ಭರತ ಒಂಟಿ ಕೈಗೆ 24, ಜೋಡಿ ಕೈಗೆ 13 ಹಸ್ತಗಳನ್ನು ಹೇಳಿದ. ಶಿಬಿರದಲ್ಲಿ ಮೂರಕ್ಕೇ ಮಂಗಳ. ಅಂಗೈ ಮೇಲೆ ಮಾಡಿದರೆ ಪ್ರಾಮಾಣಿಕತೆ. ಅಂಗೈ ಅಡ್ಡ ನಿಲ್ಲಿಸಿ ಗಾಳಿ ಕಡಿದರೆ ದೃಢತೆ. ಹತ್ತೂ ಬೆರಳ ತುದಿ ತಾಗಿಸಿ ಗೋಪುರ ಕಟ್ಟಿದರೆ ನಾಯಕತ್ವ. ಕೊನೆಯದಕ್ಕೆ ಜರ್ಮನಿಯ ಏಂಜೆಲಾ ಮರ್ಕೆಲ್ ಸಾಕ್ಷಿ. ಹೊಟ್ಟೆಯ ಮುಂದೆ ಬೆರಳು ಕೂಡಿಸಿ ನಿಲ್ಲುವ ಅವರ ಭಂಗಿ ಎಷ್ಟು ಹೆಸರಾಯಿತೆಂದರೆ, 2013ರ ಚುನಾವಣೆಯಲ್ಲಿ ಅವರ ಪಕ್ಷ ಮುಖವನ್ನೇ ಬಿಟ್ಟು ಆ ಎರಡು ಕೈಗಳ ದೈತ್ಯ ಪೋಸ್ಟರನ್ನು ಬರ್ಲಿನ್ ನಡುವೆ ನೇತುಹಾಕಿತು. ಮರ್ಕೆಲ್ ಅವರನ್ನೇ ಕೇಳಿದಾಗ ಬಂದ ಉತ್ತರ ಸಾದಾ: ತೋಳುಗಳನ್ನು ಎಲ್ಲಿಡುವುದು ಅನ್ನುವ ಪ್ರಶ್ನೆ ಇತ್ತು, ಹಾಗಾಗಿ ಅಲ್ಲಿಟ್ಟೆ. ಶಿಬಿರದವರು ಇದನ್ನು ಸ್ಲೈಡಿಗೆ ಹಾಕುವುದಿಲ್ಲ.

ಫಲಿತಾಂಶ ನೋಡಬೇಕಾದರೆ ಯಾವುದಾದರೂ ಎಂಜಿನಿಯರಿಂಗ್ ಕಾಲೇಜಿನ ಪ್ಲೇಸ್‌ಮೆಂಟ್ ದಿನ ಹೋಗಿ. ತರಬೇತಾದ ಕೈಗೆ ಒಂದು ಲಕ್ಷಣವಿದೆ, ಅದು ಮಾತಿಗಿಂತ ಅರ್ಧ ಕ್ಷಣ ತಡವಾಗಿ ಬರುತ್ತದೆ. ಹುಡುಗ ‘ನಮ್ಮೂರು ತಿಪಟೂರು ಸರ್’ ಅಂದು ಮುಗಿಸಿ, ನೆನಪಾದವನಂತೆ ಅಂಗೈ ಮೇಲೆ ಮಾಡುತ್ತಾನೆ. ತಿಪಟೂರಿಗೂ ಪ್ರಾಮಾಣಿಕತೆಯ ಪ್ರಮಾಣಪತ್ರ ಬೇಕಾಯಿತು. ‘ಅಪ್ಪಂದು ಎರಡೆಕರೆ ತೆಂಗಿನ ತೋಟ’ ಅನ್ನುವ ಹೊತ್ತಿಗೆ ದೃಢತೆಯ ಪಾಳಿ ಬಂದಿರುತ್ತದೆ. ಕೈ ಖಚ್ ಖಚ್ ಎಂದು ಇಳಿದು ಪೂರಾ ತೋಟ ಕಡಿದು ಹಾಕುತ್ತದೆ.

ಅದೇ ಹುಡುಗ ಹೊರಗೆ ಬಂದು, ಕಿವಿ ಹೆಗಲ ನಡುವೆ ಫೋನ್ ಸಿಕ್ಕಿಸಿಕೊಂಡು ಅವ್ವನಿಗೆ ವರದಿ ಒಪ್ಪಿಸುವುದನ್ನು ನೋಡಿ. ಮೇಜು ಇಷ್ಟುದ್ದ, ಮೇಡಂ ಕನ್ನಡಕ ಇಷ್ಟು ಕೆಳಗೆ, ಬಾಗಿಲು ಹೀಗೆ ದಢಾರನೆ! ಒಂದು ಕೈಯೂ ತಪ್ಪುವುದಿಲ್ಲ, ಒಂದೂ ತಡವಾಗುವುದಿಲ್ಲ, ಅವ್ವನಿಗೆ ಅದರಲ್ಲಿ ಒಂದೂ ಕಾಣುವುದಿಲ್ಲ. ಹುಟ್ಟುಕುರುಡರು ಇನ್ನೊಬ್ಬ ಕುರುಡರ ಜೊತೆ ಮಾತಾಡುವಾಗಲೂ ಕೈ ಆಡಿಸುತ್ತಾರೆಂದು 1998ರಲ್ಲಿ ಇಬ್ಬರು ಸಂಶೋಧಕಿಯರು ತೋರಿಸಿದರು. ಅಂದರೆ ಕೈ ಆಡುವುದು ಎದುರಿನವರ ಮೇಲೆ ಪ್ರಭಾವ ಬೀರಲಿಕ್ಕಷ್ಟೇ ಅಲ್ಲ, ತಲೆಯೊಳಗಿನ ಮಾತು ಹೊರಗೆ ಹೊರಡಲಿಕ್ಕೂ ಹೌದು.

ಹಾಗಾದರೆ ಇಂಥ ಕೈಯನ್ನು ಕಟ್ಟಿಹಾಕಿದವರು ಯಾರು? ನಾವೇ. ಒಂದನೇ ಕ್ಲಾಸಿನಲ್ಲಿ ‘ಕೈ ಕಟ್ಟು, ಬಾಯಿ ಮೇಲೆ ಬೆರಳು’. ಮನೆಯಲ್ಲಿ ದೊಡ್ಡಪ್ಪನ ಎದುರು ಕೈ ಎತ್ತಿ ಮಾತಾಡಿದರೆ ‘ಏನೋ ಅದು, ಹೊಡಿಯೋಕೆ ಬಂದೋನ ಹಾಗೆ?’ ಹೆಣ್ಣುಮಗುವಾದರೆ ‘ಕೈ ಬಾಯಿ ತಿರುಗಿಸ್ಬೇಡ, ಬಜಾರಿ ಅಂತಾರೆ’. ಕಟ್ಟಿಸಲಿಕ್ಕೆ ಎಲ್‌ಕೆಜಿಯಿಂದ ಡಿಗ್ರಿಯವರೆಗೆ ಫೀಸು, ಬಿಚ್ಚಿಸಲಿಕ್ಕೆ ವಾರಾಂತ್ಯದ ಪ್ಯಾಕೇಜು.

ಬಿಚ್ಚಿದ ಕೈಯಾದರೂ ಎಲ್ಲೆಲ್ಲಿ ಆಡಬಹುದು ಅನ್ನುವುದನ್ನು ಶಿಬಿರದಲ್ಲಿ ಹೇಳುವುದಿಲ್ಲ. ಅದಕ್ಕೆ ತಾಲ್ಲೂಕು ಕಚೇರಿಗೆ ಹೋಗಬೇಕು. ಮೇಜಿನ ಆಚೆಯ ಬೆರಳೊಂದು ಅಲುಗಿದರೆ ‘ನಾಳೆ ಬಾ’. ಹೆಬ್ಬೆರಳು ತೋರುಬೆರಳನ್ನು ಸವರಿದರೆ ಏನೆಂದು ಭರತ ಹೇಳಿಲ್ಲ, ಆದರೆ ಬೀದರಿನಿಂದ ಚಾಮರಾಜನಗರದವರೆಗೆ ಅರ್ಥವಾಗದವರೂ ಇಲ್ಲ. ಮೇಜಿನ ಈಚೆ ನಿಂತ ರೈತನ ಟವೆಲ್ಲು ಹೆಗಲಿನಿಂದ ಕಂಕುಳಿಗೆ ಇಳಿದಿರುತ್ತದೆ; ಪಹಣಿ ಹಿಡಿದ ಎರಡೂ ಕೈ ಎದೆಗೆ ಅಂಟಿರುತ್ತವೆ. ನಮ್ಮಲ್ಲಿ ಕೈ ಬೀಸುವುದು ಕೌಶಲ ಅಲ್ಲ ಸ್ವಾಮಿ, ಹುದ್ದೆ. ಹುದ್ದೆ ಇಲ್ಲದಿದ್ದರೆ ಜಾತಿ, ಜಾತಿಯೂ ಸಾಲದಿದ್ದರೆ ಎಕರೆ. ಗೋಪುರ ಕಲಿತು ಕೆಲಸ ಹಿಡಿದ ತಿಪಟೂರಿನ ಹುಡುಗನೂ ಮೊದಲ ಸೋಮವಾರ ಮ್ಯಾನೇಜರ್ ಬಾಗಿಲಲ್ಲಿ ನಿಂತಾಗ ಕೈ ತಾನಾಗಿ ಬೆನ್ನ ಹಿಂದೆ ಹೋಗಿರುತ್ತದೆ.

ಆ ರೈತನನ್ನೇ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ನೋಡಿ. ಅದೇ ಟವೆಲ್ಲು, ಈಗ ಕೈಗಳ ಮೇಲೆ. ಒಳಗೆ ದಲ್ಲಾಳಿಯ ಬೆರಳು ಹಿಡಿದು, ಒತ್ತಿ, ಬಿಟ್ಟು, ಮತ್ತೆ ಹಿಡಿದು ಜೋಡೆತ್ತಿಗೆ ರೇಟು ಕುದುರಿಸುತ್ತಾನೆ. ತುಟಿ ಪಿಟಕ್ಕೆನ್ನುವುದಿಲ್ಲ. ಸುತ್ತ ನಿಂತ ಹತ್ತು ಜನಕ್ಕೆ ಹೋರಿಯ ಹಲ್ಲು ಕಾಣುತ್ತದೆ, ವ್ಯಾಪಾರ ಕಾಣುವುದಿಲ್ಲ. ಶೇಕಡ 93 ಎಲ್ಲಿಯದು, ಇದು ನೂರಕ್ಕೆ ನೂರು.

ಆದ್ದರಿಂದ ಪ್ರಾಥಮಿಕ ಶಾಲೆಯ ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ ಒಂದೇ ಕೋರಿಕೆ. ನಾಳೆಯಿಂದ ಮಕ್ಕಳಿಗೆ ‘ಕೈ ಕಟ್ಟಿ ಕೂತ್ಕೊಳ್ಳಿ’ ಅನ್ನಬೇಡಿ. ಶಿಬಿರದವರ ಹೊಟ್ಟೆಪಾಡಿನ ಚಿಂತೆ ಬಿಡಿ. ನಿಲ್ಲುವುದು ಹೇಗೆ, ನಗುವುದು ಹೇಗೆ ಅಂತ ಅವರ ಹತ್ತಿರ ಇನ್ನೂ ಎರಡು ಪ್ಯಾಕೇಜ್ ಇವೆ.