ಗೀರಿಗೂ ಜಿಎಸ್‌ಟಿ

ಗೀರು ಜೀರಿಗೆ ಕಾಳಿಗಿಂತ ದೊಡ್ಡದಿರಲಿಲ್ಲ. ಇದ್ದದ್ದೂ ಗ್ರಾಫಿಕ್ಸ್ ಕಾರ್ಡಿನ ಫ್ಯಾನುಗಳ ಪಕ್ಕದ ಕಪ್ಪು ಪ್ಲಾಸ್ಟಿಕ್ಕಿನ ಮೇಲೆ. ಕ್ಯಾಬಿನೆಟ್ಟಿನಲ್ಲಿ ಕೂರಿಸಿದರೆ ಈ ಕಾರ್ಡುಗಳು ಸಾಮಾನ್ಯವಾಗಿ ಫ್ಯಾನು ಕೆಳಗೆ, ಬೆನ್ನು ಮೇಲೆ ಮಾಡಿಕೊಂಡು ಬೋರಲು ಮಲಗುತ್ತವೆ. ಆಮೇಲೆ ಆ ಗೀರನ್ನು ನೋಡುವ ಭಾಗ್ಯ ತಳದಲ್ಲಿ ಅಂಗಾತ ಬಿದ್ದ ಜಿರಳೆಗೆ ಮಾತ್ರ.

“ಯಾರು ನೋಡ್ತಾರ್ರೀ ಅದನ್ನ?” ಎಂದಳು ಹೆಂಡತಿ.

“ನನಗೆ ಗೊತ್ತಿದೆಯಲ್ಲ!” ಎಂದೆ.

ಅಪ್ಪನಿಗೆ ಈ ಸಂಕಟವೇ ಅರ್ಥವಾಗಲಿಲ್ಲ. ಹಿಂದೆ ಅವರು ನೆಗ್ಗಿದ ಫ್ರಿಜ್ಜನ್ನೇ ಹುಡುಕಿ, ಐನೂರು ರೂಪಾಯಿ ಇಳಿಸಿಕೊಂಡು, ನೆಗ್ಗನ್ನು ಗೋಡೆಗೆ ತಿರುಗಿಸಿ ಇಟ್ಟವರು. ಆ ಐನೂರರ ಕಥೆ ನೆಂಟರಿಗೆಲ್ಲ ಬಾಯಿಪಾಠ.

ಆದರೆ ನಮಗೆ ಈ ಚಟ ಹತ್ತಿಸಿದವರು ಕಾರ್ಡು ಮಾಡುವವರೇ. 1999ರಲ್ಲಿ ಎನ್‌ವಿಡಿಯಾ ತನ್ನ ಜೀಫೋರ್ಸ್ 256 ಅನ್ನು ಜಗತ್ತಿನ ಮೊದಲ ಜಿಪಿಯು ಎಂದು ಸಾರಿತಲ್ಲ, ಆಗ ಕಾರ್ಡೆಂದರೆ ಒಂದು ಬೆತ್ತಲೆ ಹಲಗೆ, ಮೇಲೊಂದು ಪುಟ್ಟ ಫ್ಯಾನು. ತಗಡಿನ ಡಬ್ಬ ಸೇರಿತೆಂದರೆ ಮತ್ತೆ ಅದರ ಮುಖ ನೋಡಿದವರಿಲ್ಲ. ಈಗ ಡಬ್ಬಕ್ಕೆ ಗಾಜಿನ ಗೋಡೆ, ಕಾರ್ಡಿಗೆ ಲೋಹದ ಬೆನ್ನುಹಲಗೆ, ಮೂರು ಫ್ಯಾನು, ಬಣ್ಣ ಬದಲಿಸುವ ದೀಪ. ಆರ್‌ಟಿಎಕ್ಸ್ 4090ರ ಜಾತಿಯವಂತೂ ಎರಡು ಕೆ.ಜಿ. ತೂಗುತ್ತವೆ, ಸೊಂಟ ಬಾಗದಿರಲೆಂದು ಜೊತೆಗೇ ಊರುಗೋಲು ಕೊಡುವುದೂ ಉಂಟು. ಇಷ್ಟು ಸಿಂಗರಿಸಿ ಕಳಿಸಿದವರು ಗೀರು ನೋಡಬೇಡ ಎಂದರೆ ಹೇಗೆ?

ಕಾರ್ಡು ಕೊಂಡಿದ್ದ ಎಸ್.ಪಿ. ರಸ್ತೆಯ ಅಂಗಡಿಗೆ ಹೊರಟೆ. ಮಾನಿಟರ್ ಪೆಟ್ಟಿಗೆ ಹೊತ್ತವರ, ಕೈಗಾಡಿಗಳ, ಸ್ಕೂಟರುಗಳ ನಡುವೆ ಎರಡೂ ಕೈಯಲ್ಲಿ ಕಾರ್ಡನ್ನು ಎದೆಗವಚಿಕೊಂಡು ನುಸುಳಿದೆ. ಇನ್ನೊಂದು ಗೀರು ಬಿದ್ದರೆ ವ್ಯಾಜ್ಯವೇ ಹಾಳು.

ಅಂಗಡಿಯವರು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. “ಎಲ್ಲಿದೆ ಸಾರ್?” ಮೊಬೈಲಿನ ಟಾರ್ಚು ಬಿಟ್ಟೆ. “ಓ! ಅಲ್ಲ ಸಾರ್, ನೀವು ಇದನ್ನ ಆಡಕ್ಕೆ ತಗೊಂಡ್ರೋ, ನೋಡಕ್ಕೆ ತಗೊಂಡ್ರೋ?”

“ಶೇ 18ರ ಜಿಎಸ್‌ಟಿ ಪೂರ್ತಿ ಬೆಲೆಗೆ ಕಟ್ಟಿದ್ದೀನಿ. ಗೀರಿಗೆ ಅಂತ ಬಿಟ್ಟಿಲ್ಲ.”

“ಪ್ಯಾಕ್ ಒಡೆಯೋ ವಿಡಿಯೋ ಇದೆಯಾ?”

ಇತ್ತು. ತೆಗೆದವಳು ಹೆಂಡತಿ. ಸೀಲ್ ಕತ್ತರಿಸುವುದು, ಪೆಟ್ಟಿಗೆ ತೆರೆಯುವುದು ಎಲ್ಲ ಸ್ಪಷ್ಟವಾಗಿದೆ. ಕಾರ್ಡು ಹೊರಬರುವ ಹೊತ್ತಿಗೆ ಕುಕ್ಕರ್ ಮೂರನೇ ಸೀಟಿ ಹೊಡೆದು, ಕ್ಯಾಮೆರಾ ಅಡುಗೆಮನೆಗೆ ಓಡಿದೆ. ಅಂಗಡಿಯವರು ಒಲೆ ಆರಿಸುವ ದೃಶ್ಯವನ್ನು ತಾಳ್ಮೆಯಿಂದ ನೋಡಿದರು. “ಬೇಳೆ ಚೆನ್ನಾಗಿ ಬೆಂದಿರ್ಬೇಕು ಸಾರ್.”

ಕೊನೆಯ ಅಸ್ತ್ರ ತೆಗೆದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಗುಣಮಟ್ಟದಲ್ಲಿ ಊನವಿದ್ದರೂ ಅದು ದೋಷವೇ ಎಂದಿದೆ ಎಂದೆ. ಅವರು ಕೈಮುಗಿದರು. “ಆ್ಯಕ್ಟ್ ಇದೆ ಸಾರ್, ಸ್ಟಾಕ್ ಇಲ್ಲ. ಐನೂರು ಕಡಿಮೆ ಮಾಡ್ಕೊಳ್ಳಿ, ಇದನ್ನೇ ಇಟ್ಕೊಳ್ಳಿ.”

ಅಪ್ಪನ ಮಗನಾಗಿ ಒಂದು ಕ್ಷಣ ಬಾಯಲ್ಲಿ ನೀರೂರಿತು. ತಡೆದುಕೊಂಡೆ. ಬಹಳ ಹೊತ್ತಿನ ಮೇಲೆ ಗೋದಾಮಿನಿಂದ ಇನ್ನೊಂದು ಪೆಟ್ಟಿಗೆ ಬಂತು. ಈ ಸಲ ವಿಡಿಯೋ ತೆಗೆದವರು ಅವರೇ. ಕಾರ್ಡನ್ನು ನಾಲ್ಕೂ ಕಡೆ ತಿರುಗಿಸಿ ನನ್ನಿಂದ “ಗೀರಿಲ್ಲ” ಎಂದು ಗಟ್ಟಿಯಾಗಿ ಹೇಳಿಸಿಕೊಂಡರು. ಅಂಗಡಿಯಲ್ಲಿದ್ದ ಕಾಲೇಜು ಹುಡುಗರು ಸಾಕ್ಷಿಗಳಾದರು.

ಮನೆಗೆ ತಂದು ಕೂರಿಸಿದೆ. ಆಟ ಇನ್ನೂ ಶುರುವಾಗಿಲ್ಲ, ಬರೀ ಮೆನು ಬಂದಿದೆ, ಅಷ್ಟರಲ್ಲೇ ಕಾರ್ಡು ಕುಂಯ್ ಎನ್ನತೊಡಗಿತು. ಕಾಯಿಲ್ ವೈನ್ ಎನ್ನುತ್ತಾರೆ ಇದಕ್ಕೆ. ಮೆನುವಿನಲ್ಲಿ ಕಾರ್ಡಿಗೆ ಕೆಲಸ ಕಡಿಮೆ. ತಡೆಯುವವರಿಲ್ಲದಿದ್ದರೆ ಸೆಕೆಂಡಿಗೆ ಸಾವಿರಗಟ್ಟಲೆ ಫ್ರೇಮ್ ಎಳೆಯುತ್ತದೆ, ವಿದ್ಯುತ್ತಿನ ಆ ಏರಿಳಿತಕ್ಕೆ ಒಳಗಿನ ತಂತಿಸುರುಳಿಗಳು ನಡುಗಿ ಹಾಡುತ್ತವೆ. ತಯಾರಕರು ಸಾಮಾನ್ಯವಾಗಿ ಇದನ್ನು ದೋಷವೆಂದು ಒಪ್ಪುವುದಿಲ್ಲ. ಫ್ರೇಮಿಗೆ ಮಿತಿ ಹಾಕಿದರೆ ಸದ್ದು ತಗ್ಗುತ್ತದೆ. ಹಾಕಿದೆ, ತಗ್ಗಿತು, ಪೂರ್ತಿ ಹೋಗಲಿಲ್ಲ. ಹಳೆಯದು ಉಸಿರೆತ್ತಿರಲಿಲ್ಲ.

ಅಂಗಡಿಗೆ ಫೋನ್ ಮಾಡಿ, ಕಾರ್ಡಿನ ಹತ್ತಿರ ಹಿಡಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಗೀರು ಇದೆಯಾ ಸಾರ್?”

“ಇಲ್ಲ.”

“ಮತ್ತೆ? ಸದ್ದು ಯಾರು ನೋಡ್ತಾರೆ ಬಿಡಿ ಸಾರ್!”