‘ಡೈರೆಕ್ಟ್ ಮಾಡ್ಬಿಡಿ’ ಅನ್ನುವವರ ನಡುವೆ ಒಬ್ಬ ಪ್ರಾಮಾಣಿಕ

ಕಲಬುರಗಿಯ ಮೇ ತಿಂಗಳು. ಗ್ಯಾರೇಜಿನ ತಗಡಿನ ನೆರಳಲ್ಲಿ ಬಾನೆಟ್ ಎತ್ತಿಕೊಂಡು ನಿಂತ ಒಂದು ಹಳೆಯ ಕಾರು. ಮಾಲೀಕರೂ ಮೆಕ್ಯಾನಿಕ್ಕೂ ಚಹಾಕ್ಕೆ ಹೋದ ಹೊತ್ತು ನೋಡಿ, ಕಂಡೆನ್ಸರ್ ಪಕ್ಕದ ಅಲ್ಯೂಮಿನಿಯಂ ಪೈಪಿನ ಮೇಲೆ ಕೂತಿದ್ದ ಪ್ರೆಶರ್ ಸ್ವಿಚ್ಚನ್ನು ಮಾತಿಗೆಳೆದೆವು. ಹೆಬ್ಬೆರಳಿನಷ್ಟು ಆಳು, ಮೈತುಂಬ ಧೂಳು, ಮಾತು ಮಾತ್ರ ಖಡಕ್.

ನಮಸ್ಕಾರ. ಏಸಿ ಬಂದ್ ಮಾಡಿದ್ದು ತಾವೇ ಅಂತ ಆರೋಪ.

ನಾನೇ. ಬೇಕಾದರೆ ಬರೆದು ಕೊಡುತ್ತೇನೆ.

ಇಂಥ ಉರಿಬಿಸಿಲಲ್ಲಿ? ಕರುಣೆ ಬೇಡವೇ ಸ್ವಾಮಿ?

ಕರುಣೆಯಿಂದಲೇ ಮಾಡಿದ್ದು. ಆದರೆ ಮಾಲೀಕರ ಮೇಲಲ್ಲ, ಕಂಪ್ರೆಸರ್ ಮೇಲೆ. ಅದಕ್ಕೆ ಬೇಕಾದ ಎಣ್ಣೆ ಗ್ಯಾಸಿನ ಜೊತೆಯಲ್ಲೇ ಸುತ್ತುತ್ತದೆ. ಗ್ಯಾಸ್ ಸೋರಿದರೆ ಎಣ್ಣೆ ವಾಪಸ್ ಬರುವುದಿಲ್ಲ. ಒಣಗಿದ ಕಂಪ್ರೆಸರ್ ತಿರುಗಿದರೆ ಜಾಮ್ ಆಗುತ್ತದೆ. ಅದಕ್ಕೇ ಒತ್ತಡ ಸುಮಾರು 2 ಬಾರ್‌ಗಿಂತ ಕೆಳಗಿಳಿದ ಕೂಡಲೇ ಅದನ್ನು ಇಂಜಿನ್ನಿಗೆ ಜೋಡಿಸುವ ಕ್ಲಚ್ಚಿನ ಕರೆಂಟು ಕಡಿಯುತ್ತೇನೆ.

ಅಲ್ಲ, ತಂಪು ತಯಾರಿಸುವವರ ಕೆಲಸಕ್ಕೆ ಅಡ್ಡ ಬರುವುದು ಸರಿಯೇ?

ತಂಪು ಯಾರೂ ತಯಾರಿಸುವುದಿಲ್ಲ. ಒಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುತ್ತೇವೆ, ಅಷ್ಟೇ. ಕಂಪ್ರೆಸರ್ ಗ್ಯಾಸನ್ನು ಅದುಮಿ ಕಾಯಿಸುತ್ತದೆ. ಮುಂದಿನ ಕಂಡೆನ್ಸರ್ ಆ ಶಾಖವನ್ನು ಗಾಳಿಗೆ ಬಿಟ್ಟು ಗ್ಯಾಸನ್ನು ದ್ರವ ಮಾಡುತ್ತದೆ. ಡ್ರೈಯರ್ ತೇವ ಹೀರುತ್ತದೆ. ಎಕ್ಸ್‌ಪ್ಯಾನ್ಶನ್ ವಾಲ್ವಿನ ಸಣ್ಣ ಕಿಂಡಿ ದಾಟಿದೊಡನೆ ಒತ್ತಡ ಬೀಳುತ್ತದೆ, ದ್ರವ ಡ್ಯಾಶ್‌ಬೋರ್ಡಿನೊಳಗಿನ ಕೂಲಿಂಗ್ ಕಾಯಿಲ್‌ನಲ್ಲಿ ಕುದಿದು ನಿಮ್ಮ ಶಾಖ ಎಳೆದುಕೊಳ್ಳುತ್ತದೆ. ನಮ್ಮ ಆರ್-134ಎ ಗ್ಯಾಸ್ ಬಯಲಿನಲ್ಲಿ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುವ ಆಸಾಮಿ.

ತಕರಾರು ತೆಗೆಯುವವರು ತಾವೊಬ್ಬರೇನಾ?

ಛೆ, ದೊಡ್ಡ ಬಳಗವೇ ಇದೆ. ಕೂಲಿಂಗ್ ಕಾಯಿಲ್‌ಗೆ ಅಂಟಿಕೊಂಡ ಥರ್ಮಿಸ್ಟರ್ ಇದೆಯಲ್ಲ, ಕಾಯಿಲ್ ಸೊನ್ನೆ ಡಿಗ್ರಿಯ ಹತ್ತಿರ ಬಂದರೆ ಸಾಕು, ‘ನಿಲ್ಲಿಸಿ’ ಅನ್ನುತ್ತದೆ. ಇಲ್ಲದಿದ್ದರೆ ಕಾಯಿಲ್ ಮೇಲಿನ ನೀರು ಮಂಜುಗಡ್ಡೆಯಾಗಿ ಗಾಳಿಯ ದಾರಿಯೇ ಮುಚ್ಚಿಹೋಗುತ್ತದೆ. ಇಂಜಿನ್ ವಿಪರೀತ ಬಿಸಿಯಾದರೆ ಇಂಜಿನ್ ಕಂಪ್ಯೂಟರ್ ಏಸಿ ಬಿಡಿಸುತ್ತದೆ. ಓವರ್‌ಟೇಕಿಗೆ ಆಕ್ಸಿಲರೇಟರ್ ಪೂರ್ತಿ ತುಳಿದಾಗಲೂ ಎಷ್ಟೋ ಕಾರುಗಳಲ್ಲಿ ಕೆಲವು ಕ್ಷಣ ಹಾಗೇ.

ಈ ತಕರಾರುಗಳೇ ಇಲ್ಲದ ಸುವರ್ಣಯುಗ ಇತ್ತೇ?

ಇತ್ತು. ಅಮೆರಿಕದ ಪ್ಯಾಕಾರ್ಡ್ ಕಂಪನಿಯ 1940ರ ಮಾಡೆಲ್. ಕಾರ್ಖಾನೆಯಿಂದಲೇ ಏಸಿ ಹಾಕಿಸಿಕೊಂಡು ಬಂದ ಕಾರು. ಡಿಕ್ಕಿಯ ಅರ್ಧ ಜಾಗ ಏಸಿಗೇ ಹೋಗಿತ್ತು. ಕಂಪ್ರೆಸರ್‌ಗೆ ಕ್ಲಚ್ಚೇ ಇರಲಿಲ್ಲ. ಪೂರ್ತಿ ಬಂದ್ ಮಾಡಬೇಕಾದರೆ ಇಂಜಿನ್ ನಿಲ್ಲಿಸಿ, ಬಾನೆಟ್ ಎತ್ತಿ, ಬೆಲ್ಟ್ ಕಳಚಬೇಕಿತ್ತು. ಸುವರ್ಣಯುಗದಲ್ಲಿ ಕೈ ಕೊಳೆಯಾಗುತ್ತಿತ್ತು.

ಒತ್ತಡ ಕಡಿಮೆಯಾದರೂ ಬಂದ್, ಹೆಚ್ಚಾದರೂ ಬಂದ್. ಇದ್ಯಾವ ನ್ಯಾಯ?

ಹೆಚ್ಚಾದರೆ ನಾನು ಸೀದಾ ಬಾಗಿಲು ಹಾಕುವುದಿಲ್ಲ. ಮೊದಲು ಫ್ಯಾನಿಗೆ ಜೋರಾಗಿ ತಿರುಗು ಅನ್ನುತ್ತೇನೆ. ಆಗಲೂ ಇಳಿಯದೆ ಒತ್ತಡ 30 ಬಾರ್ ಆಸುಪಾಸಿಗೆ ಹೋದರೆ ಕಡಿಯುತ್ತೇನೆ. ನಿಮ್ಮ ಟೈರಿನಲ್ಲಿರುವುದು 2 ಬಾರ್ ಚಿಲ್ಲರೆ, ಲೆಕ್ಕ ಹಾಕಿಕೊಳ್ಳಿ. ನಾನೂ ಸೋತರೆ ರಿಲೀಫ್ ವಾಲ್ವ್ ತೆರೆದು ಗ್ಯಾಸನ್ನೇ ಹೊರಗೆ ಬಿಡುತ್ತದೆ. ಪೈಪ್ ಸಿಡಿಯುವುದಕ್ಕಿಂತ ಅದು ಮೇಲು.

ಒತ್ತಡ ಏರುವುದಾದರೂ ಯಾಕೆ?

ಫ್ಯಾನ್ ಕೆಟ್ಟಿರುತ್ತದೆ, ಕಂಡೆನ್ಸರ್‌ಗೆ ಧೂಳು ಮೆತ್ತಿರುತ್ತದೆ, ಇಲ್ಲವೇ ಅಳತೆ ಮೀರಿ ಗ್ಯಾಸ್ ತುಂಬಿಸಿರುತ್ತಾರೆ. ನಮ್ಮ ಮಾಲೀಕರದು ಇನ್ನೂ ವಿಶೇಷ. ಅಲ್ಲಿ ನೋಡಿ, ಗ್ರಿಲ್ಲಿಗೆ ಅಡ್ಡವಾಗಿ ಮಾರುದ್ದದ ಕೆಂಪು ಬೋರ್ಡು: ‘ಜಿಲ್ಲಾಧ್ಯಕ್ಷರು’. ಕಂಡೆನ್ಸರ್‌ಗೆ ಹೋಗಬೇಕಾದ ಗಾಳಿ ಅಧ್ಯಕ್ಷರಿಗೆ ನಮಸ್ಕಾರ ಹೊಡೆದು ಪಕ್ಕಕ್ಕೆ ಸರಿಯುತ್ತದೆ.

ಬೇಸಿಗೆ ಬಂದಾಗೆಲ್ಲ ಗ್ಯಾಸ್ ‘ಖಾಲಿ’ಯಾಗುತ್ತದಂತಲ್ಲ?

ಗ್ಯಾಸ್ ಏನು ಪೆಟ್ರೋಲೇ, ಉರಿದು ಹೋಗಲಿಕ್ಕೆ? ಅದೇ ಗ್ಯಾಸ್ ಸುತ್ತುತ್ತಾ ಇರಬೇಕು. ಸೀಲುಗಳಿಂದ ವರ್ಷಾನುಗಟ್ಟಲೆ ಒಂದಿಷ್ಟು ಜಿನುಗುವುದು ಬೇರೆ ಮಾತು. ಪ್ರತಿ ಬೇಸಿಗೆಯಲ್ಲೂ ಮುಗಿದರೆ ಅದು ಲೀಕು. ಆ ಜಾಯಿಂಟ್ ನೋಡಿ, ಎಣ್ಣೆಯ ಪಸೆಗೆ ಧೂಳು ಅಂಟಿ ಕಪ್ಪಗೆ ಉಂಗುರವಾಗಿದೆ. ಮೂರನೇ ಬೇಸಿಗೆ ಇದು. ಓರಿಂಗ್ ಅನ್ನುವ ರಬ್ಬರ್ ಬಳೆ ಬದಲಾಯಿಸಿದವರಿಲ್ಲ, ಗ್ಯಾಸ್ ತುಂಬಿಸಿದವರೇ ಎಲ್ಲ.

ಅಯ್ಯೋ, ಮೆಕ್ಯಾನಿಕ್ ವಾಪಸ್ ಬರುತ್ತಿದ್ದಾನೆ. ಕೈಯಲ್ಲಿ ತುಂಡು ವೈರಿದೆ!

ಗೊತ್ತು. ಮಾಲೀಕರು ‘ಡೈರೆಕ್ಟ್ ಮಾಡ್ಬಿಡಿ’ ಅಂದಿರುತ್ತಾರೆ. ನನ್ನ ಸಾಕೆಟ್ ಕಿತ್ತು, ಎರಡು ಪಿನ್ನಿಗೆ ಆ ವೈರು ಚುಚ್ಚುತ್ತಾರೆ. ಟಕ್ ಅಂತ ಕ್ಲಚ್ ಹಿಡಿಯುತ್ತದೆ, ಎಲ್ಲರಿಗೂ ಖುಷಿ. ಫೈಲಿಗೆ ಸಹಿ ಹಾಕದ ಅಧಿಕಾರಿಯನ್ನು ರಾತ್ರೋರಾತ್ರಿ ವರ್ಗ ಮಾಡಿದ ಹಾಗೆ.

ಆಮೇಲೆ?

ಆಮೇಲೆ ಎಣ್ಣೆಯಿಲ್ಲದ ಕಂಪ್ರೆಸರ್ ಸವೆದು ಜಾಮ್ ಆಗುತ್ತದೆ. ಅದರ ಲೋಹದ ಪುಡಿ ಕಂಡೆನ್ಸರ್‌ಗೆ, ವಾಲ್ವಿಗೆ ಹೋಗಿ ಕೂರುತ್ತದೆ. ಓರಿಂಗ್‌ನಲ್ಲಿ ಮುಗಿಯುತ್ತಿದ್ದ ಕೆಲಸ ಇಡೀ ಏಸಿ ಬದಲಾಯಿಸುವಲ್ಲಿಗೆ ಬರುತ್ತದೆ. ಹೊಸ ಕಾರುಗಳಲ್ಲಿ ನನ್ನ ಜಾಗಕ್ಕೆ ಸೆನ್ಸರ್ ಬಂದಿದೆ, ಅದರ ವರದಿ ನೇರ ಕಂಪ್ಯೂಟರಿಗೆ. ತುಂಡು ವೈರಿನ ಆಟ ಅಲ್ಲಿ ನಡೆಯುವುದಿಲ್ಲ.

ಕೊನೆಯದಾಗಿ ಓದುಗರಿಗೆ ಏನು ಹೇಳುತ್ತೀರಿ?

ಏಸಿ ನಿಂತರೆ ‘ಹೇಗಾದರೂ ಓಡಿಸು’ ಅನ್ನಬೇಡಿ, ‘ಯಾಕೆ ನಿಂತಿತು’ ಅಂತ ಕೇಳಿ. ಲೀಕ್ ಹುಡುಕಿಸಿ, ವ್ಯಾಕ್ಯೂಮ್ ಮಾಡಿಸಿ, ಬಾನೆಟ್ ಕೆಳಗಿನ ಸ್ಟಿಕ್ಕರಿನಲ್ಲಿ ಎಷ್ಟು ಗ್ರಾಂ ಅಂತ ಬರೆದಿದೆಯೋ ಅಷ್ಟನ್ನೇ ತೂಗಿ ತುಂಬಿಸಿ. ಮತ್ತೆ ಅಧ್ಯಕ್ಷರು ಅಂತ ತೋರಿಸಿಕೊಳ್ಳಲೇಬೇಕಿದ್ದರೆ ದಯವಿಟ್ಟು ಬೋರ್ಡನ್ನು ಹಿಂದುಗಡೆ ಹಾಕಿಕೊಳ್ಳಿ.